ಅತ್ತೆಯ ಜಪಾನು ಕೋವಿಗೊಂದು ಗುಂಡು

ಮುಚ್ಚಳ ಕೊಳ್ಳಲು ಅಂಗಡಿಗೆ ಹೋಗುವಾಗ ಮನೆಯಿಂದ ಪಾತ್ರೆಯನ್ನೂ ಹೊತ್ತುಕೊಂಡು ಹೋಗುವವಳು ನಾನು. ಕಮ್ಮನಹಳ್ಳಿ ಮೇನ್ ರೋಡಿನ ಪಾತ್ರೆ ಅಂಗಡಿಯವನಿಗೆ ನನ್ನ ಈ ಅಭ್ಯಾಸ ಚೆನ್ನಾಗಿ ಗೊತ್ತು. ಚೀಲದಿಂದ ತಳ ಕಪ್ಪಾದ ಹಾಲಿನ ಪಾತ್ರೆ ತೆಗೆದು ಗಾಜಿನ ಮೇಜಿನ ಮೇಲೆ ಕುಕ್ಕಿದೊಡನೆ ಅವನ ಮುಖ ಸಣ್ಣಗಾಗುತ್ತದೆ. "ಸೈಜ್ ಹೇಳಿ ಆಂಟಿ, ಸಾಕು" ಅನ್ನುತ್ತಾನೆ. ಸೈಜಿನ ಮೇಲೆ ನನಗೆ ನಂಬಿಕೆಯಿಲ್ಲ. ಇದ್ದಬದ್ದ ಮುಚ್ಚಳಗಳನ್ನೆಲ್ಲ ಕೆಳಗೆ ತೆಗೆಸಿ, ಒಂದೊಂದನ್ನೂ ಇಟ್ಟು, ತಿರುಗಿಸಿ, ಅಲುಗಾಡಿಸಿ, ಅಂಚು ಕೂತಿತೋ ಇಲ್ಲವೋ ನೋಡಿ, ಎಷ್ಟೋ ಸಲ ಯಾವುದನ್ನೂ ಕೊಳ್ಳದೆ ಎದ್ದು ಬರುತ್ತೇನೆ. ಜೊತೆಗೆ ಬಂದ ಮಗಳು ರಸ್ತೆಯ ಆಚೆ ಬದಿಗೆ ಹೋಗಿ, ತನಗೂ ನನಗೂ ಸಂಬಂಧವೇ ಇಲ್ಲವೆಂಬಂತೆ ಮೊಬೈಲು ನೋಡುತ್ತಾ ನಿಲ್ಲುತ್ತಾಳೆ. ನಿಲ್ಲಲಿ. ಬಾಯಿ ಒಂದೇ ಅಳತೆಯದಾದ ಮಾತ್ರಕ್ಕೆ ಮುಚ್ಚಳ ಕೂರುವುದಿಲ್ಲ ಎಂಬುದನ್ನು ನಾನು ಕಲಿತದ್ದು ಅಡುಗೆಮನೆಯಲ್ಲಲ್ಲ, ಒಂದು ಜಪಾನು ಕೋವಿಯಿಂದ. ಕಲಿಸಿದವರು ನಮ್ಮ ಅತ್ತೆ, ಅಂದರೆ ನನ್ನ ಗಂಡನ ತಾಯಿ.

ನಾನು ಚಾಮರಾಜಪೇಟೆಯಲ್ಲಿ ಬೆಳೆದವಳು. ನಮ್ಮ ಕಡೆಯವರಿಗೆ ಊರೆಂದರೆ ಪೇಟೆ. ಕಬ್ಬನ್ ಪಾರ್ಕಿನಿಂದ ಆಚೆಗೆ ಇರುವುದೆಲ್ಲ 'ದಂಡು', ಅಂದರೆ ಬ್ರಿಟಿಷರ ಕಂಟೋನ್ಮೆಂಟು. ದಂಡಿನಲ್ಲಿ ತಮಿಳು, ಉರ್ದು, ಇಂಗ್ಲಿಷು ಬಿಟ್ಟರೆ ಬೇರೆ ಭಾಷೆಯೇ ಇಲ್ಲವೆಂದು ನಮ್ಮಜ್ಜಿ ಗಟ್ಟಿಯಾಗಿ ನಂಬಿದ್ದಳು. ಅರವತ್ತರ ದಶಕದ ನಡುವೆ ಹಲಸೂರಿನ ಸುಬೇದಾರರ ಮನೆಯಿಂದ ಸಂಬಂಧ ಬಂದಾಗ ಅವಳು ಕೇಳಿದ ಮೊದಲ ಪ್ರಶ್ನೆ, ಅವರು ಮನೆಯಲ್ಲಿ ಕನ್ನಡ ಆಡುತ್ತಾರೋ ಇಲ್ಲವೋ ಎಂಬುದು. ಮನೆಯಲ್ಲಿ ಕೋವಿ ಇದೆಯೇ ಎಂದು ಕೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಅಕ್ಕಿಸೇರು ಒದ್ದು ಒಳಗೆ ಬಂದವಳನ್ನು ಅತ್ತೆ ದೇವರ ಕೋಣೆಗೆ ಕರೆದುಕೊಂಡು ಹೋದರು. ನಾನು ಕೈಮುಗಿದು ಕಣ್ಣು ಬಿಟ್ಟರೆ, ಲಕ್ಷ್ಮಿಯ ಪಟದ ಪಕ್ಕದಲ್ಲಿ, ಗೋಡೆಗೆ ಒರಗಿಕೊಂಡು, ಹೆಚ್ಚುಕಡಿಮೆ ನನ್ನ ಎತ್ತರದ ಒಂದು ಬಂದೂಕು ನಿಂತಿತ್ತು. ನಾನು ಅದಕ್ಕೂ ನಮಸ್ಕಾರ ಮಾಡಿದೆನಂತೆ. ಅತ್ತೆ ಅದನ್ನು ಬೀದಿಗೆಲ್ಲ ಹೇಳಿ ನಕ್ಕರು. ನನಗೆ ಮಾತ್ರ ನೆನಪಿಲ್ಲ.

ಮಾವನವರು ಬರ್ಮಾ ಯುದ್ಧಕ್ಕೆ ಹೋಗಿದ್ದವರು. ಆ ಕೋವಿಯನ್ನು ಅಲ್ಲಿಂದ ತಂದಿದ್ದರು. ಹೇಗೆ ಸಿಕ್ಕಿತು ಎಂದು ಯಾರು ಕೇಳಿದರೂ "ಸಿಕ್ತು" ಎಂದು ಒಂದೇ ಮಾತು ಹೇಳಿ ಪೇಪರು ಬಿಡಿಸಿಕೊಳ್ಳುತ್ತಿದ್ದರು. ಅದರ ನಳಿಗೆಯ ಬುಡದಲ್ಲಿ, ಉಕ್ಕಿನ ಮೇಲೆ, ಅಚ್ಚುಕಟ್ಟಾದ ಒಂದು ಸೇವಂತಿಗೆ ಹೂವು ಕೊರೆದಿತ್ತು. ಅದು ಜಪಾನಿನ ರಾಜನ ಗುರುತಂತೆ. ಅತ್ತೆಗೆ ರಾಜ ಬೇಕಾಗಿರಲಿಲ್ಲ, ಹೂವು ಸಾಕಾಗಿತ್ತು. ಹೂವು ಕೆತ್ತಿದವನು ಕೆಟ್ಟವನಾಗಿರಲಾರ ಎಂಬುದು ಅವರ ವಾದ.

ಆಯುಧಪೂಜೆಯ ದಿನ ನಮ್ಮ ಮನೆಯಲ್ಲಿ ಈಳಿಗೆಮಣೆ, ಹೊಲಿಗೆ ಮೆಷೀನು, ಸೈಕಲ್ಲು, ನಮ್ಮವರ ಕಾರ್ಖಾನೆಯ ಅಳತೆ ಸಾಮಾನು, ನನ್ನ ಇನ್ಶೂರೆನ್ಸ್ ಆಫೀಸಿನ ಪೆನ್ನು ಎಲ್ಲವೂ ಸಾಲಾಗಿ ಕೂರುತ್ತಿದ್ದವು. ನಡುವೆ ಕೋವಿ. ರಸೆಲ್ ಮಾರುಕಟ್ಟೆಯಿಂದ ತಂದ ಸೇವಂತಿಗೆಯನ್ನು ಅತ್ತೆ ಸರಿಯಾಗಿ ಆ ಉಕ್ಕಿನ ಸೇವಂತಿಗೆಯ ಮೇಲೆಯೇ ಇಡುತ್ತಿದ್ದರು. ಕೋವಿಯ ಜೊತೆಗೆ ಬಂದ ಐದು ಹಿತ್ತಾಳೆ ಕಾಡತೂಸುಗಳೂ ಒಂದು ತಗಡಿನ ಪಟ್ಟಿಯಲ್ಲಿ ಸಾಲಾಗಿ ಸಿಕ್ಕಿಸಿಕೊಂಡು ಇದ್ದವು. ಹಬ್ಬದ ಹಿಂದಿನ ದಿನ ದೀಪದ ಕಂಬ, ಗಂಟೆ, ಪಂಚಪಾತ್ರೆಗಳ ಜೊತೆ ಅವನ್ನೂ ಹಿತ್ತಲಿಗೆ ಒಯ್ದು, ಹುಣಸೆಹಣ್ಣು ಹಾಕಿ ತಿಕ್ಕಿ, ನೀರಲ್ಲಿ ಜಾಲಾಡಿ, ತುಳಸಿಕಟ್ಟೆಯ ಮೇಲೆ ಬಿಸಿಲಿಗೆ ಇಡುವುದು ಅತ್ತೆಯ ಪದ್ಧತಿ. ಸಂಜೆಯ ಹೊತ್ತಿಗೆ ಅವು ಚಿನ್ನದ ಹಾಗೆ ಹೊಳೆಯುತ್ತಿದ್ದವು. ಮಾವನವರು ವರಾಂಡದಲ್ಲಿ ಕೂತು ಅದನ್ನು ನೋಡಿಯೂ ನೋಡದವರ ಹಾಗೆ ಇರುತ್ತಿದ್ದರು. ಯುದ್ಧದಿಂದ ಬಂದ ಮೇಲೆ ಅವರು ಆ ಕೋವಿಯನ್ನು ಹಾರಿಸಿರಲಿಲ್ಲ, ಹಾರಿಸುವ ಆಸೆಯೂ ಅವರಿಗಿರಲಿಲ್ಲ.

ಇಲ್ಲಿ ನನ್ನ ಒಂದು ಹಳೆಯ ಹೊಟ್ಟೆಕಿಚ್ಚನ್ನು ಹೇಳಿಬಿಡುತ್ತೇನೆ. ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ದೀಪಾವಳಿ ಬಂದರೆ ಅಣ್ಣನಿಗೆ ತಗಡಿನ ಪಿಸ್ತೂಲು, ನನಗೆ ಸುರುಸುರು ಬತ್ತಿ. ನಾನು ಸುರುಸುರು ಬತ್ತಿಯನ್ನು ಎಡಗೈಯಲ್ಲಿ ಹಿಡಿದು ಬಲಗೈಯಿಂದ ಅಣ್ಣನ ಪಿಸ್ತೂಲು ಕಸಿದು, ಪಕ್ಕದ ಮನೆ ಮೇಷ್ಟ್ರ ಪಂಚೆಯ ಹತ್ತಿರ ಢಮ್ ಎನ್ನಿಸಿ ಬೆನ್ನಿಗೆ ಗುದ್ದು ತಿಂದವಳು. ಹೆಣ್ಣು ಮಕ್ಕಳಿಗೆ ಬೆಳಕು, ಗಂಡು ಮಕ್ಕಳಿಗೆ ಸದ್ದು ಎಂದು ಹಂಚಿದವರು ಯಾರೋ ನನಗೆ ಇನ್ನೂ ಗೊತ್ತಾಗಿಲ್ಲ. ಸಿಕ್ಕರೆ ಎರಡು ಮಾತು ಆಡಬೇಕಾಗಿದೆ.

ಆ ದಶಕದ ಕೊನೆಯಲ್ಲಿ ಮಾವನವರು ತೀರಿಕೊಂಡರು. ತೀರಿಕೊಂಡ ಮೇಲೆ ಒಂದೊಂದೇ ಹೆಸರು ಬದಲಾಗತೊಡಗಿತು. ಮನೆಯ ಖಾತೆ ಮಗನ ಹೆಸರಿಗೆ ಬಂತು. ರೇಷನ್ ಕಾರ್ಡಿನ ಮೇಲೂ ಮಗನ ಹೆಸರೇ. ಹಾಲಿನ ಕಾರ್ಡು ನನ್ನ ಹೆಸರಿಗೆ. ಅತ್ತೆಯ ಹೆಸರು ಯಾವುದರ ಮೇಲೂ ಇರಲಿಲ್ಲ. ಬೀದಿಯವರಿಗೆ ಅವರು 'ಸುಬೇದಾರ್ ಮನೆಯವರು', ಮಗನಿಗೆ ಅಮ್ಮ, ನನಗೆ ಅತ್ತೆ. ಕೋವಿಯ ಲೈಸೆನ್ಸನ್ನೂ ತನ್ನ ಹೆಸರಿಗೆ ಮಾಡಿಸುತ್ತೇನೆಂದು ನಮ್ಮವರು ಹೇಳಿದ ದಿನ ಅತ್ತೆ ಊಟದ ತಟ್ಟೆಯ ಮುಂದೆ ಕೂತಿದ್ದರು. ಅನ್ನ ಕಲಸುವುದನ್ನು ನಿಲ್ಲಿಸಿ, "ಅದು ನನ್ನ ಹೆಸ್ರಿಗೆ ಬರ್ಬೇಕು ಕಣೋ" ಎಂದರು. ಯಾಕಮ್ಮಾ ಎಂದು ಕೇಳಿದರೆ, ಯಾಕೆ ಬರಬಾರದು ಎಂದು ತಿರುಗಿ ಕೇಳಿದರು. ನನಗೆ ಒಳಗೊಳಗೇ ಖುಷಿಯಾಯಿತು. ಅತ್ತೆ ಸೊಸೆಯರು ಒಂದಾಗುವುದುಂಟೇ ಎಂದು ನೆಂಟರಿಷ್ಟರು ಇವತ್ತಿಗೂ ಕೇಳುತ್ತಾರೆ. ಕೇಳುವವರು ಕೇಳಿಕೊಳ್ಳಲಿ, ನಾವು ಒಂದಾದದ್ದು ಅವತ್ತು.

ಲೈಸೆನ್ಸಿನ ಕಚೇರಿಗೆ ನಾನೂ ಅತ್ತೆಯೂ ಹೋದೆವು. ಅಲ್ಲಿನ ಅಧಿಕಾರಿ ಕೆಟ್ಟ ಮನುಷ್ಯನೇನಲ್ಲ, ಕುರ್ಚಿ ಹಾಕಿಸಿದರು. ಆದರೆ ಅವರ ಮಾತು ಸ್ಪಷ್ಟವಾಗಿತ್ತು. ಗುಂಡು ನಾವೇ ತಂದು, ಹಾರಿಸಿ, ಕೋವಿ ಕೆಲಸ ಮಾಡುತ್ತದೆಂದು ತೋರಿಸಿದರೆ ಲೈಸೆನ್ಸು ಮುಂದುವರಿಸಿ ಅತ್ತೆಯ ಹೆಸರಿಗೆ ಕೊಡಬಹುದು. ಕೆಲಸ ಮಾಡದಿದ್ದರೆ ಅದು ಆಯುಧವಲ್ಲ, ಅದಕ್ಕೆ ಲೈಸೆನ್ಸೂ ಇಲ್ಲ. ನಳಿಗೆಗೆ ಡ್ರಿಲ್ಲಿನಿಂದ ತೂತು ಹೊಡೆದು, ಗುಂಡಿನ ಬುಡಕ್ಕೆ ಬಡಿಯುವ ಒಳಗಿನ ಸೂಜಿ ಕತ್ತರಿಸಿ ಕೊಡುತ್ತಾರೆ, ಆಮೇಲೆ ಗೋಡೆಗೆ ತೂಗುಹಾಕಿಕೊಳ್ಳಬಹುದು. ನಿಯಮ ಅಕ್ಷರಶಃ ಹಾಗೇ ಇತ್ತೋ, ಅವರೇ ಹಾಗೆ ಅರ್ಥ ಮಾಡಿಕೊಂಡಿದ್ದರೋ, ನಾನು ಪುಸ್ತಕ ನೋಡಿದವಳಲ್ಲ.

ಅತ್ತೆ ಕೇಳಿದರು, "ರೇಷನ್‌ನಲ್ಲಿ ಅಕ್ಕಿ ಬರ್ಲಿಲ್ಲ ಅಂತ ಮನೇಲಿರೋ ಪಾತ್ರೆಗೆ ತೂತು ಹೊಡೀತಾರಾ ಸ್ವಾಮಿ?"

ಅಧಿಕಾರಿ ನಕ್ಕರು. ನಕ್ಕು, ಮೂರು ತಿಂಗಳ ಅವಕಾಶ ಕೊಟ್ಟರು. ಹೊರಗೆ ಬಂದ ಮೇಲೆ ಅತ್ತೆ ನನ್ನ ಕಡೆ ತಿರುಗಿ, ತನ್ನ ಗಂಡ ಬರ್ಮಾದಿಂದ ಹೊತ್ತು ತಂದದ್ದು ಪರದೆ ಹಾಕುವ ಕೋಲಲ್ಲ ಎಂದು ಹೇಳಿದರು. ಹೀಗೆ ಶುರುವಾಯಿತು ನಮ್ಮ ಗುಂಡಿನ ಹುಡುಕಾಟ. ಮನೆಯಲ್ಲಿದ್ದ ಐದನ್ನು ಅತ್ತೆ ಮುಟ್ಟಗೊಡಲಿಲ್ಲ. ಅವು ದೇವರ ಮುಂದಿನವು, ಬೇರೆ ತನ್ನಿ ಎಂದರು.

ಮೊದಲು ಕಣಕ್ಕಿಳಿದವರು ನಮ್ಮವರು. ಅವರು ಕೆ.ಆರ್. ಪುರದ ಕಡೆಯ ಸರ್ಕಾರಿ ಕಾರ್ಖಾನೆಯೊಂದರ ಟೂಲ್ ರೂಮಿನಲ್ಲಿದ್ದರು. ಟೂಲ್ ರೂಮಿನವರಿಗೆ ಒಂದು ಧರ್ಮವಿದೆ: ವರ್ನಿಯರ್ ಎಂಬ ಅಳತೆಗೋಲು ಹೇಳಿದ್ದೇ ಸತ್ಯ. ನಮ್ಮವರು ತೊಂಡೆಕಾಯಿಯನ್ನೂ ಕಣ್ಣಳತೆಯಲ್ಲಿ ಹೆಚ್ಚಲು ಬಿಡದವರು. ಒಂದು ಭಾನುವಾರ ಕೋವಿಯನ್ನು ಚಾಪೆಯ ಮೇಲೆ ಮಲಗಿಸಿ, ನಳಿಗೆಯ ಬಾಯಿಗೆ ವರ್ನಿಯರ್ ಹಿಡಿದು, ಓದಿ, ಮತ್ತೆ ಹಿಡಿದು, ಮತ್ತೆ ಓದಿ, ವಿಜಯಿಯಾಗಿ ಎದ್ದರು. ಇದು ನಮ್ಮ ತ್ರೀ ನಾಟ್ ತ್ರೀ ರೈಫಲ್ಲಿನ ಅಳತೆಯೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಆ ಗುಂಡು ಊರೆಲ್ಲ ಇದೆ, ಜಪಾನು ಜಪಾನು ಎಂದು ಇಷ್ಟು ದಿನ ಸುಮ್ಮನೆ ಹೆದರಿದ್ದೆವು ಎಂದರು. ಮುಂದಿನ ವಾರವೇ ಯಾರೋ ನಿವೃತ್ತ ಸ್ನೇಹಿತರಿಂದ ಅಂಥ ಒಂದು ಕಾಡತೂಸು ತಂದರು. ಹೇಗೆ ತಂದಿರಿ ಎಂದು ನಾನು ಕೇಳಲಿಲ್ಲ. ಮಾವನವರ ಮನೆಯಲ್ಲಿ "ಸಿಕ್ತು" ಎಂಬ ಉತ್ತರವೇ ವಂಶಪಾರಂಪರ್ಯವಾಗಿ ಬರುತ್ತದೆಂದು ನನಗೆ ಗೊತ್ತಿತ್ತು.

ಅದು ಕೋವಿಯೊಳಗೆ ಕೂರಲಿಲ್ಲ. ಅದರ ಬುಡದಲ್ಲಿ ಲೋಟದ ಕಂಠದ ಹಾಗೆ ಹೊರಗೆ ಚಾಚಿದ ಅಂಚೊಂದಿತ್ತು, ಅದು ತಡೆಯುತ್ತಿತ್ತು. ಟೂಲ್ ರೂಮಿನವರು ಇಂಥದ್ದಕ್ಕೆ ಎದೆಗುಂದುವವರಲ್ಲ. ಆ ಅಂಚನ್ನು ಲೇತಿಗೆ ಹಾಕಿ ತೆಗೆದರೆ ಮುಗಿಯಿತು, ಅರ್ಧ ಗಂಟೆಯ ಕೆಲಸ ಎಂದರು. ಮದ್ದು ತುಂಬಿದ ಕಾಡತೂಸನ್ನು ಲೇತಿಗೆ ಹಾಕುವ ಮಾತನ್ನು ಅಷ್ಟು ಓದಿದ ಮನುಷ್ಯ ಕಾಫಿ ಕುಡಿಯುತ್ತಾ ಆಡಿದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅತ್ತೆ ದೇವರ ಕೋಣೆಗೆ ಹೋಗಿ ತಮ್ಮ ಐದರಲ್ಲಿ ಒಂದನ್ನು ತಂದು, ಮಗ ತಂದದ್ದರ ಪಕ್ಕ ನೆಲದ ಮೇಲೆ ನಿಲ್ಲಿಸಿದರು. ಅತ್ತೆಯದು ಒಂದಿಷ್ಟು ಎತ್ತರ, ಬುಡ ನೇರ. ಮಗನದು ಗಿಡ್ಡ, ಭುಜ ಬೇರೆ, ಬುಡ ಬೇರೆ. ಒಂದೇ ಆಗಿದ್ದದ್ದು ಮೂತಿ ಮಾತ್ರ.

"ಬಾಯಿ ಒಂದೇ ಆದ್ರೆ ಮುಚ್ಚಳ ಕೂರುತ್ತೇನೋ? ನೀನು ಅಳೆದಿದ್ದು ಬರೀ ಬಾಯಿ" ಎಂದರು.

ನಮ್ಮವರು ಆ ರಾತ್ರಿ ವರ್ನಿಯರನ್ನು ಎಣ್ಣೆ ಹಚ್ಚಿ ಪೆಟ್ಟಿಗೆಯಲ್ಲಿಟ್ಟರು. ಆ ಕಾಡತೂಸು ಮರುದಿನವೇ ಬಂದ ದಾರಿಯಲ್ಲಿ ಹಿಂದಕ್ಕೆ ಹೋಯಿತು.

ಆಮೇಲೆ ಶಿವಾಜಿನಗರದ ಗುಜರಿ. ಹಳೆಯ ಮಿಲಿಟರಿ ಬೂಟು, ನೀರಿನ ಡಬ್ಬಿ, ದೂರದರ್ಶಕ, ಯಾವುದೋ ದೊರೆಯ ಹಲ್ಲಿನ ಸೆಟ್ಟು ಎಲ್ಲ ಅಲ್ಲಿ ಸಿಗುತ್ತಿದ್ದವು. ಅತ್ತೆ ತಮ್ಮ ಒಂದು ಕಾಡತೂಸನ್ನು ಎಲೆಅಡಿಕೆ ಚೀಲದಲ್ಲಿ ಸುಣ್ಣದ ಡಬ್ಬಿಯ ಪಕ್ಕ ಇಟ್ಟುಕೊಂಡು ಬಂದಿದ್ದರು. ಬಸ್ಸಿನಲ್ಲಿ ಪಕ್ಕದವಳು ಒಂದು ಎಲೆ ಕೇಳಿದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಗುಜರಿಯ ಮುದುಕ ನಮ್ಮ ಕೇಳಿಕೆ ಕೇಳಿ ಒಳಗೆ ಹೋಗಿ, ತುಕ್ಕು ಹಿಡಿದ ತಗಡಿನ ಡಬ್ಬಿಯೊಂದನ್ನು ಗೋಣಿಯಲ್ಲಿ ಸುತ್ತಿ ತಂದ. ಡಬ್ಬಿಯ ಮೇಲೆ ಜಪಾನು ಅಕ್ಷರ. ನನಗೆ ರೋಮಾಂಚನವಾಯಿತು, ಸುಳ್ಳೇಕೆ ಹೇಳಲಿ. "ಅಸಲಿ ಜಪಾನ್ ಮಾಲ್ ಅಮ್ಮಾ, ಲಿಖಾ ಹೈ ನೋಡಿ" ಎಂದ ಅವನು. ಓದಲು ಅವನಿಗೂ ಬರುತ್ತಿರಲಿಲ್ಲ, ನಮಗೂ ಬರುತ್ತಿರಲಿಲ್ಲ.

ನಾನು ಕೈಚೀಲಕ್ಕೆ ಕೈ ಹಾಕುವಷ್ಟರಲ್ಲಿ ಅತ್ತೆ ಡಬ್ಬಿಯಿಂದ ಒಂದನ್ನು ಎತ್ತಿ ತಮ್ಮದರ ಪಕ್ಕ ಹಿಡಿದರು. ಮತ್ತೆ ಅದೇ ಚಾಚಿದ ಅಂಚು, ಅದೇ ಗಿಡ್ಡ ಮೈ. ಜಪಾನಿನವರ ಹಡಗಿನ ಪಡೆ ಬೇರೊಂದು ಬಗೆಯ ಬಂದೂಕಿಗೆ ಬೇರೆ ಗುಂಡು ಮಾಡಿಕೊಂಡಿತ್ತೆಂದು, ಅದು ನಮ್ಮ ತ್ರೀ ನಾಟ್ ತ್ರೀಯ ಪ್ರತಿಯೇ ಎಂದು ಎಷ್ಟೋ ವರ್ಷಗಳ ಮೇಲೆ ಯಾರೋ ಹೇಳಿದರು. ಅವತ್ತು ನಮಗೆ ಅದೇನೂ ಗೊತ್ತಿರಲಿಲ್ಲ. ಜಪಾನಿನದು ಎಂದ ಮಾತ್ರಕ್ಕೆ ನಮ್ಮ ಕೋವಿಯದಾಗುವುದಿಲ್ಲ ಎಂದು ಅತ್ತೆ ಕಣ್ಣಲ್ಲೇ ಕಂಡುಕೊಂಡರು, ಡಬ್ಬಿ ಮುಚ್ಚಿ ಅವನ ಕಡೆ ತಳ್ಳಿದರು. ಅವನು ಬೆಲೆ ಇಳಿಸುತ್ತಾ ಮಾರುಕಟ್ಟೆಯ ಮೂಲೆಯವರೆಗೂ ನಮ್ಮ ಹಿಂದೆ ಬಂದ.

ಕೊನೆಗೆ ಪರೇಡ್ ಮೈದಾನದ ಹತ್ತಿರದ ಹಳೆಯ ಬಂದೂಕಿನ ಅಂಗಡಿ. ಮಾಲೀಕರು ಕುಕ್ ಟೌನಿನ ಬಂಗಲೆಯಿಂದ ದಿನವೂ ಟೈ ಕಟ್ಟಿಕೊಂಡು ಬರುತ್ತಿದ್ದ ವಯಸ್ಸಾದವರು. ಆ ಕೋವಿಯ ಗುಂಡು ಈ ಊರಿನಲ್ಲಿಲ್ಲ, ಈ ದೇಶದಲ್ಲೇ ಇಲ್ಲ, ತಯಾರಿಸಿದವರೇ ನಿಲ್ಲಿಸಿಬಿಟ್ಟಿದ್ದಾರೆ ಎಂದರು. ಬೇರೆಯದನ್ನು ಹೊಂದಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ, ಅದು ಮುಂದಕ್ಕೆ ಹಾರದೆ ಹಾರಿಸಿದವರ ಮುಖಕ್ಕೇ ಸಿಡಿಯಬಹುದು ಎಂದೂ ಹೇಳಿದರು. ಅತ್ತೆ ನಿಧಾನವಾಗಿ ಎಲೆಅಡಿಕೆ ಚೀಲ ಬಿಚ್ಚಿದರು. ಬೇರೆ ದಾರಿಯಿಲ್ಲದಿದ್ದರೆ ದೇವರ ಮುಂದಿನದನ್ನೇ ಬಳಸುವುದು ಎಂದು ಅವರು ಅಷ್ಟರಲ್ಲಿ ಮನಸ್ಸು ಮಾಡಿದ್ದರೆಂದು ಕಾಣುತ್ತದೆ.

ಮಾಲೀಕರು ಅದನ್ನು ಬೆಳಕಿಗೆ ಹಿಡಿದರು. ಅಷ್ಟು ಹಳೆಯದು ಅಷ್ಟು ಹೊಳೆಯುವುದನ್ನು ಅವರು ನೋಡಿರಲಿಲ್ಲ. ಪಾಲಿಶ್ ಯಾರು ಮಾಡಿದ್ದು ಎಂದು ಕೇಳಿದರು.

"ನಾನೇ. ವರ್ಷಾ ವರ್ಷಾ ಹುಣಸೆಹಣ್ಣು ಹಾಕಿ ತೊಳೀತೀನಿ" ಎಂದರು ಅತ್ತೆ, ಹೆಮ್ಮೆಯಿಂದ.

ನೀರಿನಲ್ಲಾ ಎಂದು ಮಾಲೀಕರು ಕೇಳಿದರು. ಹೌದು, ಆಮೇಲೆ ಬಿಸಿಲಿಗಿಡುತ್ತೇನೆ ಎಂದರು ಅತ್ತೆ. ಮಾಲೀಕರು ಅದನ್ನು ಮೇಜಿನ ಮೇಲೆ ಬಹಳ ಮೆಲ್ಲಗೆ ಇಟ್ಟು, ಕೈ ಹಿಂದಕ್ಕೆ ತೆಗೆದುಕೊಂಡರು. ಅಷ್ಟು ವರ್ಷ ನೀರೂ ಹುಳಿಯೂ ಸಂದಿಯಲ್ಲಿ ಇಳಿದಿರುತ್ತದೆ, ಬಿಸಿಲು ಬೇರೆ, ಒಳಗಿನ ಮದ್ದು ಬಹುಶಃ ಸತ್ತಿದೆ, ಸತ್ತಿಲ್ಲದಿದ್ದರೆ ಇನ್ನೂ ಅಪಾಯ, ನಂಬಬೇಡಿ ಎಂದರು. ಪರೀಕ್ಷೆ ಮಾಡಲೇಬೇಕಾಗಿ ಬಂದರೆ ಕೋವಿಯನ್ನು ಕಟ್ಟಿಹಾಕಿ, ದೂರದಲ್ಲಿ ಬಂಡೆಯ ಮರೆಯಿಂದ ದಾರ ಎಳೆಯಿಸಬೇಕು, ಅದೂ ಪೊಲೀಸರ ಕೈಯಲ್ಲಿ ಎಂದರು.

ಅಷ್ಟು ದೊಡ್ಡ ಊರಿನಲ್ಲಿ ಆ ಕೋವಿಗೆ ಸರಿಯಾದ ಗುಂಡೆಂದರೆ ಆ ಐದು. ಆ ಐದನ್ನೂ ಕೊಂದದ್ದು ತಮ್ಮದೇ ಭಕ್ತಿ. ಹಲಸೂರು ಕೆರೆಯ ಹತ್ತಿರ ಬಸ್ಸಿಳಿದಾಗ ನನ್ನ ಮೊಣಕೈ ಹಿಡಿದು, "ನಿನ್ನ ಗಂಡನಿಗೆ ಹೇಳ್ಬೇಡ ಕಣೇ" ಎಂದರು. ಮಗನ ವರ್ನಿಯರನ್ನು ಬೈದವರು ಈಗ ಮಗನ ಮುಂದೆ ತಲೆ ತಗ್ಗಿಸಬೇಕಲ್ಲ ಎಂಬ ಸಂಕಟ ಅದು. ನನಗೆ ಅಳು ಬಂತು. ಮಾವನವರ ಮೇಲೆ ಸಿಟ್ಟೂ ಬಂತು. ಅಷ್ಟೆಲ್ಲ ಬಲ್ಲ ಮನುಷ್ಯ ವರಾಂಡದಲ್ಲಿ ಕೂತು ಒಂದು ದಿನವಾದರೂ ಬೇಡ ಎನ್ನಬಾರದಿತ್ತೇ? ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಆ ಗುಂಡುಗಳು ಎಂದೂ ಹಾರದಿರಲಿ ಎಂದೇ ಅವರು ಸುಮ್ಮನಿದ್ದಿರಬಹುದು. ಖಂಡಿತ ಹೇಳಲಾರೆ.

ಗಡುವು ಮುಗಿಯುವ ಹೊತ್ತಿಗೆ ಅಧಿಕಾರಿ ಕೆ.ಆರ್. ಪುರದಾಚೆಯ ಒಂದು ಪಾಳುಬಿದ್ದ ಕಲ್ಲುಗಣಿಗೆ ನಮ್ಮನ್ನು ಬರಹೇಳಿದರು. ಗುಂಡು ಬಹಳ ಹಳೆಯದು, ದೂರದಿಂದ ದಾರದಲ್ಲೇ ಎಳೆಯಬೇಕು ಎಂದು ಅತ್ತೆ ಮೊದಲೇ ತಿಳಿಸಿದ್ದರು. ಪೊಲೀಸರ ಕಡೆಯ ಬಂದೂಕು ರಿಪೇರಿಯವನು ಕೋವಿಯನ್ನು ಮರಳಿನ ಮೂಟೆಗಳ ನಡುವೆ ಕಟ್ಟಿದ, ಐದರಲ್ಲಿ ಒಂದನ್ನು ಒಳಗಿಟ್ಟು ಮುಚ್ಚಿದ. ಅದು ಮೆತ್ತಗೆ, ಸರಿಯಾಗಿ ಕೂತಿತು. ಎಲ್ಲರೂ ಬಂಡೆಯ ಹಿಂದೆ ಹೋದೆವು. ದಾರ ತಾನೇ ಎಳೆಯುತ್ತೇನೆಂದು ಅತ್ತೆ ಕೈಚಾಚಿದರು. ಅಧಿಕಾರಿ ಒಂದು ಕ್ಷಣ ಅನುಮಾನಿಸಿ ಕೊಟ್ಟರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಎಳೆದರು.

ಟಕ್ ಎಂದಿತು. ಅಷ್ಟೇ.

ತಡವಾಗಿ ಸಿಡಿಯಬಹುದೆಂದು ರಿಪೇರಿಯವನು ಬಹಳ ಹೊತ್ತು ಯಾರನ್ನೂ ಏಳಗೊಡಲಿಲ್ಲ. ನಮ್ಮವರು ಅಮ್ಮನ ಮುಖ ನೋಡುವುದು ಬೇಡವೆಂದು ಬಂಡೆಯ ಮೇಲಿನ ಇರುವೆ ನೋಡುತ್ತಿದ್ದರು. ಕೊನೆಗೆ ಅವನೇ ಹೋಗಿ ಕಾಡತೂಸನ್ನು ಹೊರತೆಗೆದು ತಂದ. ಅಧಿಕಾರಿ ಕರವಸ್ತ್ರದಲ್ಲಿ ಮುಖ ಒರೆಸಿಕೊಂಡು, "ಏನ್ಮಾಡೋದಮ್ಮಾ, ಕೆಲಸ ಮಾಡ್ಲಿಲ್ಲ. ಡ್ರಿಲ್ ಹಾಕ್ಸಿಬಿಡೋಣ" ಎಂದರು. ಒಳ್ಳೆಯ ದನಿಯಲ್ಲೇ ಅಂದರು.

ಅತ್ತೆ ರಿಪೇರಿಯವನ ಅಂಗೈಯಿಂದ ಆ ಕಾಡತೂಸನ್ನು ಎತ್ತಿಕೊಂಡು, ಬುಡ ಮೇಲಾಗಿ ಅಧಿಕಾರಿಯ ಮುಂದೆ ಹಿಡಿದರು. ನಟ್ಟನಡುವೆ, ಬೆರಳಿಟ್ಟರೆ ತಿಳಿಯುವಷ್ಟು ಆಳವಾಗಿ, ಸೂಜಿ ಬಡಿದ ಗುಳಿಯಿತ್ತು.

"ಇಲ್ಲಿ ನೋಡಿ ಸ್ವಾಮಿ. ನನ್ನ ಕೋವಿ ಅದರ ಕೆಲಸ ಮಾಡೈತೆ. ಮಾಡ್ದೆ ಇರೋದು ಗುಂಡು. ಅದು ಯಾಕೆ ಮಾಡ್ಲಿಲ್ಲ ಅಂದ್ರೆ, ಇಪ್ಪತ್ತು ವರ್ಷ ನಾನು ಅದನ್ನ ಹುಣಸೆಹಣ್ಣು ಹಾಕಿ ತೊಳ್ದಿದೀನಿ. ತಪ್ಪು ನಂದು. ತೂತು ಹೊಡೆಯೋದಾದ್ರೆ ನನಗೆ ಹೊಡೀರಿ, ಅದಕ್ಕಲ್ಲ."

ಅಷ್ಟು ಜನ ಗಂಡಸರ ಮುಂದೆ, ಮಗನ ಮುಂದೆ, ದನಿ ನಡುಗದೆ ಹೇಳಿದರು. ಅಧಿಕಾರಿ ಆ ಗುಳಿಯ ಮೇಲೆ ಹೆಬ್ಬೆರಳು ಆಡಿಸಿದರು. ರಿಪೇರಿಯವನ ಕಡೆ ನೋಡಿದರು. ಅವನು ಹೊಡೆತ ಚೆನ್ನಾಗಿ ಬಿದ್ದಿದೆ ಸಾರ್ ಎಂದ. ಅಧಿಕಾರಿ ಹೇಳಿಕಳಿಸುತ್ತೇನೆಂದು ಜೀಪು ಹತ್ತಿದರು. ಉಳಿದ ಗುಂಡುಗಳು ಮನೆಯಲ್ಲಿರುವುದು ಕ್ಷೇಮವಲ್ಲವೆಂದು ರಿಪೇರಿಯವನು ಕೇಳಿದಾಗ ಅತ್ತೆ ಅವನ್ನೆಲ್ಲ ಕೊಟ್ಟುಬಿಟ್ಟರು.

ಹಿಂದಿರುಗುವಾಗ ನಮ್ಮವರು ಮೆಲ್ಲಗೆ, ಇನ್ನು ಇದಕ್ಕೆ ಒಂದು ಗುಂಡೂ ಇಲ್ಲವಲ್ಲಮ್ಮಾ, ಇಟ್ಟುಕೊಂಡು ಏನು ಮಾಡುತ್ತೀಯ ಎಂದು ಕೇಳಿದರು. ಅವರೇನು ಕುಹಕಕ್ಕೆ ಕೇಳಿದ್ದಲ್ಲ. "ಇಟ್ಕೋತೀನಿ" ಎಂದರು ಅತ್ತೆ.

ವಾರದ ಮೇಲೆ ಕಚೇರಿಯಿಂದ ಕರೆ ಬಂತು. ಮೂವರೂ ಹೋಗಿ ಹೊರಗಿನ ಬೆಂಚಿನ ಮೇಲೆ ಕೂತೆವು. ಜವಾನ ಬಾಗಿಲಿಗೆ ಬಂದು ಸುಬೇದಾರ್ ಮನೆಯವರು ಯಾರು ಎಂದು ಕೂಗಿದ. ಅತ್ತೆ ಅಲುಗಾಡಲಿಲ್ಲ. ನಮ್ಮವರು ಏಳಹೋದರು, ನಾನು ಅವರ ತೋಳು ಹಿಡಿದು ಕೂರಿಸಿದೆ. ಜವಾನ ಮತ್ತೆ ಕೂಗಿದ. ಅತ್ತೆ ಗೋಡೆಯ ಮೇಲಿನ ಗಡಿಯಾರ ನೋಡುತ್ತಾ ಕೂತೇ ಇದ್ದರು. ಅವನು ಒಳಗೆ ಹೋಗಿ, ಲೈಸೆನ್ಸಿನ ಪುಸ್ತಕ ಹಿಡಿದು ಬಂದು, ಅದರ ಮೇಲಿನ ಹೆಸರು ನೋಡಿಕೊಂಡು, ಈ ಸಲ ಅಷ್ಟು ಜೋರಿಲ್ಲದೆ, "ಮುನಿತಾಯಮ್ಮನವರು ಯಾರ್ರೀ?" ಎಂದ.

"ನಾನು" ಎಂದು ಅತ್ತೆ ಎದ್ದು ನಿಂತರು.